ಅಣ್ಣನ ಫೋನಿನ ತಮಟೆ

ಅಣ್ಣ ದುಡ್ಡು ಕೊಟ್ಟು ಕೊಂಡಿದ್ದ ರಿಂಗ್‌ಟೋನು ಬರೀ ತಮಟೆ ಬಡಿತ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನಿಗೆ ಇಂಜಿನ್ ಸದ್ದಿನಲ್ಲಿ ಬೇರೆ ಯಾವುದೂ ಕೇಳುತ್ತಿರಲಿಲ್ಲ. "ಕಾಸ್ ಕೊಟ್ಟು ತಮಟೆ ಬಡಿಸ್ಕತೀಯಲ್ಲೋ ಮುಂಡೇದೆ" ಅಂತ ಅವ್ವ ಬೈಯುತ್ತಿದ್ದಳು. ಕಾಮಾಲೆ ಬಂದು ಅವನು ಹೋದಮೇಲೆ ಅದೇ ಅವ್ವ ಆ ಬಟನ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವಳು ಕೆಳಗಿಡಲೇ ಇಲ್ಲ. ಸ್ನಾನಕ್ಕೆ ಹೋದರೂ ಬಚ್ಚಲಿನ ಗೂಡಿನಲ್ಲಿ ಅದು ಇರಬೇಕು.

ಕೊನೆಗೆ ಅದರ ಬ್ಯಾಟರಿ ಊದಿಕೊಂಡಿತು. ನಾನು ಗಂಡನ ಮನೆ ಮಳವಳ್ಳಿಯಿಂದ ಹೊಸ ಫೋನು ಹಿಡಿದುಕೊಂಡು ತವರು ನಿಡಘಟ್ಟಕ್ಕೆ ಹೋದೆ. "ಅವನ ತಮಟೆ ಇದ್ರಲ್ಲಿ ಬಂದ್ರೆ ಇಟ್ಕತೀನಿ, ಇಲ್ದಿದ್ರೆ ನೀನೇ ತಗಂಡೋಗು" ಅಂದಳು ಅವ್ವ. ಮದ್ದೂರಿನ ಮೊಬೈಲ್ ಅಂಗಡಿಯವನು ಎರಡೂ ಫೋನು ತಿರುವಿ ನೋಡಿ, ಕೊಂಡ ಟೋನು ಆ ಫೋನು ಬಿಟ್ಟು ಬರಲ್ಲ ಅಕ್ಕಾ, ಲಾಕ್ ಮಾಡಿರ್ತಾರೆ ಅಂದ. ದುಡ್ಡು ಕೊಟ್ಟವನಿಗೇ ಬೀಗ! ಯಾವ ಸೀಮೆ ವ್ಯಾಪಾರವೋ, ಇವರ ಮನೆ ಹಾಳಾಗ. ಹಳೇದನ್ನು ಬಾರಿಸಿ ಹೊಸದರಲ್ಲಿ ರೆಕಾರ್ಡ್ ಮಾಡ್ಕೊಳ್ಳಿ ಅಂತ ಅವನೇ ದಾರಿ ಹೇಳಿದ.

ಮನೆಗೆ ಬಂದು, ಮಧ್ಯೆ ಮಾತು ಸೇರದಿರಲಿ ಅಂತ ಅವ್ವನನ್ನು ಹಿತ್ತಿಲಿಗೆ ಕಳಿಸಿ, ಎರಡೂ ಫೋನನ್ನು ಒಳಗೆ ಪಕ್ಕಪಕ್ಕ ಇಟ್ಟೆ. ತಮಟೆ ಶುರುವಾಯಿತು. ಅಣ್ಣ ಹೋದಮೇಲೆ ಅದು ಅವ್ವನ ಸೊಂಟ ಬಿಟ್ಟು ನಡುಮನೆಯಲ್ಲಿ ಬಡಿದುಕೊಂಡಿದ್ದು ಅದೇ ಮೊದಲು. ಪಾತ್ರೆ ಉಜ್ಜುತ್ತಿದ್ದ ಅವ್ವ ಅಲ್ಲಿಂದಲೇ, ಎಂದಿನ ಗಂಟಲಲ್ಲಿ ಕೂಗಿದಳು: "ಲೇ ಮಗಾ, ಫೋನು ಬಡ್ಕತಾದೆ, ಎತ್ಲಾ!"

ಕೂಗಿದ್ದು ಅವಳಿಗೇ ಗೊತ್ತಾಗಿ ಪಾತ್ರೆ ಸದ್ದು ನಿಂತುಹೋಯಿತು. ಇನ್ನೊಂದು ಸಲ ರೆಕಾರ್ಡ್ ಮಾಡೋಣ ಅಂತ ಬಟನ್ ಒತ್ತಿದರೆ ಹಳೇ ಫೋನು ಮತ್ತೆ ಹತ್ತಲೇ ಇಲ್ಲ. ಚಾರ್ಜಿಗೆ ಹಾಕಿದರೂ ಇಲ್ಲ, ಅಂಗಡಿಯವನ ಕೈಲೂ ಆಗಲಿಲ್ಲ.

ರೆಕಾರ್ಡ್ ಆಗಿದ್ದನ್ನು ಅವ್ವನಿಗೆ ಕೇಳಿಸಿದೆ. ತಮಟೆ ಮಧ್ಯೆ ಅವಳದೇ ಕೂಗು. ಬೇಡ ಅಂದ್ರೆ ಬೇರೆ ಏನಾದ್ರೂ ಹಾಕ್ತೀನಿ ಅಂದೆ. ತಲೆ ಎತ್ತದೆ, "ಇರ್ಲಿ ಬುಡು" ಅಂದಳು. ಅದನ್ನೇ ಹಾಕಿಕೊಟ್ಟು ಬಂದೆ.

ಈಗ ಎಷ್ಟು ಸಲ ಫೋನ್ ಮಾಡಿದರೂ ಎತ್ತುವುದಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಿದರೆ, ಫೋನು ಮುಂದಿಟ್ಕಂಡು ಜಗುಲಿ ಮೇಲೆ ಕುಂತವ್ಳೆ ಅಂತಾರೆ. ಹೋದ ವಾರ ಹೋಗಿ ಜಗಳವನ್ನೇ ಆಡಿದೆ. "ನೀನು ಬದುಕಿದೀಯೋ ಇಲ್ವೋ ಅಂತ ನಾನೆಂಗೆ ತಿಳ್ಕಳ್ಳಿ? ಕಿವಿ ಕೇಳಾಕಿಲ್ವಾ?"

"ಕೇಳ್ತದೆ ಕಣಮ್ಮಿ" ಅಂದಳು ಅವ್ವ. "ಎತ್ತು ಅಂತ ನಾನು ಕರ್ದಿರೋದು ಅವನ್ನ. ನಾನೆಂಗೆ ಎತ್ಲಿ?"