ಕ್ಯಾಮೆರಾ ಮುಂದಿನ ಕುರ್ಚಿ

ರಾಜೀಮತಿಗೆ ಚಿಕ್ಕಂದಿನಿಂದಲೂ ಹೆದರಿಕೆ ಜಾಸ್ತಿ. ದೊಡ್ಡ ಬ್ಯಾಂಕೊಂದಕ್ಕೆ ಗುಮಾಸ್ತೆಯಾಗಿ ಸೇರಿ, ಪರೀಕ್ಷೆ ಬರೆದು ಆಫೀಸರಾಗಿ, ಹಾಸನದ ಪ್ರಾದೇಶಿಕ ಕಚೇರಿಯ ರಿಸ್ಕ್ ವಿಭಾಗವನ್ನು ತಾನಾಗಿಯೇ ಕೇಳಿ ಪಡೆದಾಗ ಗಂಡ ಬ್ರಹ್ಮದೇವ, ಕೊನೆಗೂ ನಿನ್ನ ಹೆದರಿಕೆಗೆ ಸಂಬಳ ಕೊಡುವವರು ಸಿಕ್ಕರು ಎಂದು ನಕ್ಕಿದ್ದ. ಎಲ್ಲಿ ಮೋಸ ನಡೆಯಬಹುದೆಂದು ಮುಂಚೆಯೇ ಊಹಿಸಿ ತಡೆಯುವುದು ಅವಳ ಕೆಲಸ. ಸರಿಯಾಗಿ ತಡೆದದ್ದು ಯಾರಿಗೂ ಕಾಣುವುದಿಲ್ಲ. ತಪ್ಪಾಗಿ ತಡೆದರೆ ಮಾತ್ರ ದೂರು ಬರುತ್ತದೆ.

ಅವತ್ತು ಚನ್ನರಾಯಪಟ್ಟಣದ ಶಾಖೆಗೆ ತಪಾಸಣೆಗೆಂದು ಬಂದಿದ್ದಳು. ಮಧ್ಯಾಹ್ನ ನುಗ್ಗೇಹಳ್ಳಿ ಶಾಖೆಯ ಮ್ಯಾನೇಜರ್ ಮೋಹನ್‌ಕುಮಾರ್ ಫೋನ್ ಮಾಡಿದ. ಗಂಗಾಂಬಿಕೆ ಎಂಬ ನಿವೃತ್ತ ಶಿಕ್ಷಕಿ ಠೇವಣಿಯನ್ನೆಲ್ಲ ಮುರಿಸಿ ಹೊರರಾಜ್ಯದ ಯಾವುದೋ ಖಾತೆಗೆ ಕಳಿಸಲು ಬರೆದುಕೊಟ್ಟಿದ್ದರು. ರಾಜೀಮತಿಯ ವಿಭಾಗ ಅದನ್ನು ತಡೆಹಿಡಿದಿತ್ತು. ಆಕೆ ಮತ್ತೊಮ್ಮೆ ಬಂದು, ಬೇಗ ಕಳಿಸಿ ಎಂದು ಅತ್ತು ಈಗಷ್ಟೇ ಮನೆಗೆ ಹೋದರಂತೆ.

"ಅವರ ದುಡ್ಡು, ಅವರ ಸೈನು. ಬಿಟ್ಬಿಡಿ ಮೇಡಂ. ಕಂಪ್ಲೇಂಟ್ ಆದ್ರೆ ನಿಮ್ ತಲೆಗೇ ಬರೋದು," ಎಂದ.

"ತಮ್ಮ ದುಡ್ಡು ಕಳಿಸೋಕೆ ಯಾರಾದ್ರೂ ಅಳ್ತಾರಾ?"

ಆಕೆಯ ವಿಳಾಸ ಕೇಳಿಕೊಂಡು ಅವಳು ನುಗ್ಗೇಹಳ್ಳಿಗೆ ಕಾರು ತೆಗೆಸಿದಳು.

ಡ್ರೈವರ್ ನಾಗೇಶ್ ಅದೇ ಊರಿನವನು. ಗಂಗಾಂಬಿಕೆ ಅವನಿಗೆ ಪಾಠ ಹೇಳಿದವರು. ಮನೆ ಮುಂದೆ ಕಾರು ನಿಲ್ಲಿಸಿ, ಎಳೆದಿದ್ದ ಕಿಟಕಿ ಪರದೆಗಳನ್ನು ನೋಡಿ ದನಿ ತಗ್ಗಿಸಿದ. "ಅಗ್ಲೊತ್ನಲ್ಲಿ ಬಾಗ್ಲಾಕ್ಕೊಳೋರಲ್ಲ ಮೇಡಂ ಇವ್ರು. ಏನೋ ಆಗೈತೆ."

ತಟ್ಟಿ ತಟ್ಟಿ ಸಾಕಾದ ಮೇಲೆ ಬಾಗಿಲು ಒಂದಿಷ್ಟು ತೆರೆಯಿತು. ಗಂಗಾಂಬಿಕೆ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದರು. ಒಳಗೆ ಮೇಜಿನ ಮೇಲೆ ಒರಗಿಸಿಟ್ಟ ಫೋನಿನ ವಿಡಿಯೋ ಕರೆಯಲ್ಲಿ ಪೊಲೀಸ್ ಯೂನಿಫಾರ್ಮು ತೊಟ್ಟವನೊಬ್ಬ ಕೂತಿದ್ದ. ರಾಜೀಮತಿ ಒಳಗೆ ಬಂದು ಫೋನಿನತ್ತ ಬಾಗುತ್ತಲೇ ಅವನು ಅವಳ ಕೊರಳಲ್ಲಿದ್ದ ಐಡಿ ಕಾರ್ಡಿನಿಂದ ಹೆಸರು ಓದಿದ.

"ರಾಜೀಮತಿ. ಆರೋಪಿಗೆ ಸಹಾಯ ಮಾಡೋದೂ ಅಪರಾಧ. ನಿಮ್ಮನ್ನೂ ಅರೆಸ್ಟ್ ಮಾಡಿದೀವಿ. ಕ್ಯಾಮೆರಾ ಮುಂದೆ ಕೂತ್ಕೊಳ್ಳಿ."

ಪೊಲೀಸರ ವೇಷದಲ್ಲಿ ಕರೆ ಮಾಡಿ, ಅರೆಸ್ಟ್ ಎಂದು ಹೆದರಿಸಿ ಹಣ ಕೀಳುವ ಇಂಥ ಕಳ್ಳರ ಬಗ್ಗೆ ಶಾಖೆ ಶಾಖೆಗೆ ಹೋಗಿ ತರಬೇತಿ ಕೊಟ್ಟವಳು ಅವಳು. ಆದರೂ ಕುರ್ಚಿ ಎಳೆದು ಕೂತೇಬಿಟ್ಟಳು. ಪಕ್ಕದಲ್ಲಿ ಗಂಗಾಂಬಿಕೆ ಸೆರಗಿನ ತುದಿಯನ್ನು ಹಿಂಡುತ್ತಿದ್ದರು. ನೀವು ಬ್ಯಾಂಕಿನವರಲ್ಲವೇ, ತಡೆದ ಹಣವನ್ನು ಈಗಲೇ ಬಿಡಿಸಿ, ಆಗ ನಿಮ್ಮ ಮೇಲೆ ಕೇಸಿರುವುದಿಲ್ಲ ಎಂದು ಅವನು ಗದರಿದ.

ಆಗ ಅವಳಿಗೆ ಎಚ್ಚರವಾಯಿತು. ಅನುಮಾನ ಬಂದ ಹಣವನ್ನು ನಿಲ್ಲಿಸಿ ಎಂದು ಪೊಲೀಸರು ಎಷ್ಟೋ ಸಲ ಕೇಳಿದ್ದರು. ಕಳಿಸಿ ಎಂದವರು ಒಬ್ಬರೂ ಇಲ್ಲ. ಕೈ ಚಾಚಿ ಕರೆ ಕತ್ತರಿಸಿದಳು.

ಗಂಗಾಂಬಿಕೆ ಅವಳ ರಟ್ಟೆ ಹಿಡಿದುಕೊಂಡರು. "ಏನ್ ಮಾಡ್ಬಿಟ್ಟೆ ತಾಯಿ. ಪ್ರೇಕ್ಷಾನ ಎತ್ತಾಕೊಂಡು ಹೋಗ್ತಾರೆ."

ಪ್ರೇಕ್ಷಾ ಹಾಸನದಲ್ಲಿ ಓದುತ್ತಿದ್ದ ಮೊಮ್ಮಗಳು. ಕರೆ ನಿಂತರೆ ಅವಳನ್ನು ಹಿಡಿದೊಯ್ಯುತ್ತೇವೆಂದು ಹಾಸ್ಟೆಲಿನ ಹೆಸರು ಸಮೇತ ಅವನು ಹೇಳಿದ್ದನಂತೆ. ಫೋನ್ ಮಾಡಿದರೆ ಹುಡುಗಿ ಎತ್ತಲಿಲ್ಲ. ಮತ್ತೆ ಮಾಡಿದರು, ಬರೀ ರಿಂಗಾಯಿತು. ನನ್ನ ಲೆಕ್ಕಾಚಾರವೇ ತಪ್ಪಿದ್ದರೆ ಎಂದು ರಾಜೀಮತಿಗೆ ಅನ್ನಿಸತೊಡಗಿತು. ದೇವರ ಮನೆಯ ಹೊಸ್ತಿಲ ಮೇಲೆ ಕುಸಿದಿದ್ದ ಆ ಮುದುಕಿಯ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಬಹಳ ಹೊತ್ತಿನ ಮೇಲೆ ಫೋನು ಬಡಿದುಕೊಂಡಿತು. "ಲ್ಯಾಬಲ್ಲಿದ್ದೆ ಅಜ್ಜಿ, ಯಾಕೆ ಇಷ್ಟೊಂದ್ಸಲ ಮಾಡಿದೀಯಾ?"

ಹಣ ಉಳಿಯಿತು. ಪೊಲೀಸರಿಗೆ ದೂರು ಕೊಟ್ಟರು, ಯಾರೂ ಸಿಕ್ಕಲಿಲ್ಲ. ಗಂಗಾಂಬಿಕೆ ಆ ಮನೆಯಲ್ಲಿ ಒಬ್ಬರೇ ಮಲಗಲಾರದೆ ಅರಕಲಗೂಡಿನ ತಂಗಿಯ ಮನೆ ಸೇರಿದರು. ರಾಜೀಮತಿ ಅದೇ ವಿಭಾಗದಲ್ಲಿದ್ದಾಳೆ. ಮೊನ್ನೆ ಊಟದ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ವಿಡಿಯೋ ಕರೆ ಬಂತು. ಅದು ನಿಲ್ಲುವವರೆಗೂ ಅವಳು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡಲಿಲ್ಲ.