ಯೂರೆಟಾಳ ಕುತ್ತಿಗೆಗೆ ಹಳದಿ ಸ್ಕಾರ್ಫು

ಮೊದಲು ಕ್ಷಮೆ ಕೇಳಬೇಕು. ನನ್ನ ಅಕ್ಷರ ದುಂಡಗಿಲ್ಲ, ಸಾಲುಗಳು ಬಲಕ್ಕೆ ಹೋಗುತ್ತಾ ಕೆಳಗಿಳಿಯುತ್ತವೆ. ಪದಗಳೂ ನನಗೆ ಹೆಚ್ಚು ಗೊತ್ತಿಲ್ಲ. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕಾದಾಗಲೆಲ್ಲ ಪುಸ್ತಕ ಮುಚ್ಚಿ ಕೂತುಬಿಡುತ್ತಿದ್ದೆ, ಅದಕ್ಕೇ ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಊರಿನ ಯಾವ ಸ್ಮಾರಕದ ಕಲ್ಲಿನ ಮೇಲೂ ಹೆಸರಿಲ್ಲದ ಒಬ್ಬರ ಬಗ್ಗೆ ಬರೆದುಕೊಡಿ ಎಂದು ಗ್ರಂಥಾಲಯದವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ನಾನು ನೆಲ್ಡಾ ಪ್ರುಯಿಟ್ ಅವರ ಬಗ್ಗೆ ಬರೆಯುತ್ತಿದ್ದೇನೆ. ಅವರ ಅಂಗಡಿಯಲ್ಲಿ ನಾನು ಹೆಂಗಸರ ತಲೆ ತೊಳೆಯುತ್ತೇನೆ.

ಮಿಸ್ ನೆಲ್ಡಾ ಹುಟ್ಟಿದ್ದು ನಮ್ಮ ಪೆಲ್ ಕ್ರೀಕ್ ಊರಿನಲ್ಲಲ್ಲ, ಬೆಟ್ಟದ ಆಚೆಯ ಗಣಿ ಕಾಲೊನಿಯಲ್ಲಿ. ಮದುವೆಯಾಗಿ ಇಲ್ಲಿಗೆ ಬಂದರು, ಮಿಸ್ ಎನ್ನುವುದು ನಾವು ಗೌರವಕ್ಕೆ ಕರೆಯುವುದು. ಗಂಡ ಡ್ಯೂಯಿ ಕಲ್ಲಿದ್ದಲು ಲಾರಿ ಓಡಿಸುತ್ತಿದ್ದ. ಮನೆಯ ಹಿಂದಿನ ಗ್ಯಾರೇಜನ್ನು ಅಂಗಡಿ ಮಾಡಿಕೊಟ್ಟವನು ಅವನೇ. ತಲೆ ತೊಳೆಯುವ ಬೇಸಿನ್ನನ್ನು ತನ್ನ ಎತ್ತರಕ್ಕೆ ಅಳೆದು ಕೂರಿಸಿದ. ಡ್ಯೂಯಿ ತುಂಬ ಎತ್ತರದ ಮನುಷ್ಯ. ಅವನು ತೀರಿಹೋಗಿ ಎಷ್ಟೋ ವರ್ಷವಾಗಿದೆ, ಬೇಸಿನ್ ಅಲ್ಲೇ ಇದೆ. ಗಿಡ್ಡ ಹೆಂಗಸರು ಟೆಲಿಫೋನ್ ಡೈರೆಕ್ಟರಿಗಳ ಮೇಲೆ ಕೂತು ತಲೆ ತೊಳೆಸಿಕೊಳ್ಳುತ್ತಾರೆ. ಬೇಸಿನ್ ಕೆಳಗಿಳಿಸೋಣವೇ ಎಂದು ನಾನು ಒಮ್ಮೆ ಕೇಳಿದ್ದೆ.

"ಇಳಿಸಿದ್ರೆ ಆ ಡೈರೆಕ್ಟರಿಗಳನ್ನ ಏನ್ ಮಾಡ್ಲಿ?" ಎಂದರು.

ಅವರು ಬಿಸಿನೀರನ್ನು ಮೊದಲು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡು ನೋಡುತ್ತಾರೆ. ಪ್ರತಿಯೊಬ್ಬರ ಕುತ್ತಿಗೆಯ ಕೆಳಗೂ ಮಡಚಿದ ಟವೆಲ್ ಇಡುತ್ತಾರೆ. ಕೂದಲು ಗುಂಗುರು ಮಾಡುವ ಔಷಧಿಯಿಂದ ಅವರ ಬೆರಳ ತುದಿಗಳು ಒಡೆದು ಹೋಗಿವೆ. ತಮ್ಮ ಗಿರಾಕಿ ಯಾರಾದರೂ ಸತ್ತರೆ ಕೊನೆಯ ಸಲವೂ ತಾವೇ ಹೋಗಿ ತಲೆ ಬಾಚುತ್ತಾರೆ. ಬೇರೆಯವರು ಬೈತಲೆಯನ್ನು ತಪ್ಪು ಕಡೆ ತೆಗೆಯುತ್ತಾರೆ ಎನ್ನುವುದು ಅವರ ಅನುಮಾನ.

ಗುರುವಾರ ಅಂಗಡಿ ತುಂಬಿರುತ್ತದೆ. ಭಾನುವಾರದ ಚರ್ಚಿಗೆ ಕೂದಲು ನಿಲ್ಲಬೇಕಾದರೆ ಗುರುವಾರ ರೋಲರ್ ಸುತ್ತಿಸಿಕೊಳ್ಳುವುದೇ ಸರಿಯಾದ ದಿನ. ಬಂದವರೆಲ್ಲ ಒಂದೇ ವಿಷಯ ಮಾತಾಡುತ್ತಾರೆ: ನಮ್ಮ ಹಾರ್ಡ್‌ವಿಕ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಹಳೆಯ ಕೋಚುಗಳಲ್ಲಿ ಯಾರು ದೊಡ್ಡವನು. ಈಗಿನ ಕೋಚ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವನು ಇನ್ನೂ ಕೆಲಸದಲ್ಲಿದ್ದಾನೆ.

ಕಾಲೇಜಿಗೆ ಒಂದೇ ಒಂದು ಸಲ ದೇಶದ ಕಪ್ ತಂದವನು ಕ್ಲೈಡ್ ಸ್ಟಿಡಮ್. ಕಂದು ಚೌಕಳಿಯ ಕೋಟು ಹಾಕುತ್ತಿದ್ದ, ಹುಡುಗರನ್ನು ಬೈಯುತ್ತಿದ್ದ, ನೀರಿನ ಬಕೆಟ್ ಒದೆಯುತ್ತಿದ್ದ. ಅವನ ನಂತರ ಬಂದ ವಾರೆನ್ ಬ್ಯಾಲಿಂಜರ್ ಸಾಸಿವೆ ಹಳದಿ ಟೈ ಕಟ್ಟುತ್ತಿದ್ದ, ರೆಫರಿಗಳಿಗೆ ಥ್ಯಾಂಕ್ಸ್ ಹೇಳುತ್ತಿದ್ದ, ಅವನ ಹುಡುಗರೆಲ್ಲ ಡಿಗ್ರಿ ಪಡೆದರು. ಕಪ್ ಮಾತ್ರ ಫೈನಲ್ ಪಂದ್ಯದ ಕೊನೆಯ ಎಂಟು ಸೆಕೆಂಡಿನಲ್ಲಿ ಕೈತಪ್ಪಿತು. ಸ್ಟಿಡಮ್ ಸತ್ತು ಬಹಳ ಕಾಲವಾಯಿತು. ಬ್ಯಾಲಿಂಜರ್ ಫ್ಲೋರಿಡಾದಲ್ಲಿ ಮೀನು ಹಿಡಿಯುತ್ತಿದ್ದಾನೆ. ಇದರಿಂದ ಜಗಳಕ್ಕೆ ಏನೂ ತೊಂದರೆಯಾಗಿಲ್ಲ. ಕಾಲೇಜಿನ ಹಸಿರು ಬಣ್ಣವನ್ನು ಎಲ್ಲರೂ ತೊಡುತ್ತಾರೆ. ಆದರೆ ಕಂದು ಚೌಕಳಿ ಕಂಡರೆ ಸ್ಟಿಡಮ್ ಕಡೆಯವರು, ಹಳದಿ ಕಂಡರೆ ಬ್ಯಾಲಿಂಜರ್ ಕಡೆಯವರು ಎಂದು ಲೆಕ್ಕ. ಪೆಲ್ ಕ್ರೀಕಿನಲ್ಲಿ ಯಾರೂ ಸುಮ್ಮನೆ ಹಳದಿ ತೊಡುವುದಿಲ್ಲ.

ಸ್ಟಿಡಮ್ ಕಡೆಗೆ ಯೂರೆಟಾ ಸ್ಲೋನ್ ಮುಂದಾಳು, ಬ್ಯಾಲಿಂಜರ್ ಕಡೆಗೆ ಬರ್ನಿಸ್ ಹ್ಯಾಗರ್. ಇಬ್ಬರೂ ಕೂದಲು ಒಣಗಿಸುವ ಅಕ್ಕಪಕ್ಕದ ಡ್ರೈಯರ್‌ಗಳ ಕೆಳಗೆ ಕೂರುತ್ತಿದ್ದರು. ಡ್ರೈಯರ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ಕೇಳುತ್ತಿರಲಿಲ್ಲ, ಆದ್ದರಿಂದ ಅವರು ಕೂಗುವುದು ಅಂಗಡಿಗೆಲ್ಲ ಕೇಳುತ್ತಿತ್ತು.

"ಆ ಕಪ್ ಗೆದ್ದ ಹುಡುಗರಲ್ಲಿ ಎಷ್ಟು ಜನ ಡಿಗ್ರಿ ತಗೊಂಡ್ರು, ಹೇಳು ನೋಡೋಣ," ಎನ್ನುತ್ತಿದ್ದಳು ಬರ್ನಿಸ್.

"ಡಿಗ್ರಿ ಎಸೆದ್ರೆ ಬುಟ್ಟಿಯೊಳಗೆ ಬೀಳುತ್ತಾ?" ಎನ್ನುತ್ತಿದ್ದಳು ಯೂರೆಟಾ.

"ಬ್ಯಾಲಿಂಜರ್ ಒಳ್ಳೇ ಮನುಷ್ಯ ಕಣೇ. ಅದನ್ನಾದ್ರೂ ಒಪ್ಕೋ."

"ಯಾರು ಅಲ್ಲ ಅಂದ್ರು? ಒಳ್ಳೇ ಮನುಷ್ಯ ಬೇಕಿದ್ರೆ ಚರ್ಚಲ್ಲಿ ಬ್ರದರ್ ಟೈಲರ್ ಇದಾರೆ. ನಮಗೆ ಬೇಕಾಗಿದ್ದು ಕೋಚು."

"ನಿಮ್ಮ ಸ್ಟಿಡಮ್ ಬಕೆಟ್ ಒದ್ದು ಕಾಲು ಮುರ್ಕೊಂಡ."

"ಕಾಲಲ್ಲ, ಒಂದು ಬೆರಳು. ಆಮೇಲೂ ಗೆದ್ದ."

ನಡುವೆ ಯಾರಾದರೂ ಮಿಸ್ ನೆಲ್ಡಾ ಕಡೆ ತಿರುಗಿ, "ನೀನು ಹೇಳು ನೆಲ್ಡಾ, ಯಾರು ದೊಡ್ಡವನು?" ಎಂದು ಕೇಳುತ್ತಿದ್ದರು. ಅವರು ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಸ್ವಲ್ಪ ಯೋಚಿಸಿ, "ತಲೆ ಹಿಂದಕ್ಕೆ ಹಾಕು," ಎನ್ನುತ್ತಿದ್ದರು. ಗೋಡೆಯ ಮೇಲೆ ಗಿರಾಕಿಗಳೇ ತಂದುಕೊಟ್ಟ ಎರಡು ಕಪ್ಪು ಬಿಳುಪು ಫೋಟೋಗಳಿವೆ, ಇಬ್ಬರು ಕೋಚುಗಳದ್ದು, ಒಂದೇ ಮಟ್ಟದಲ್ಲಿ. ಊರಿನವರೆಲ್ಲ ನೆಲ್ಡಾಳಷ್ಟು ನ್ಯಾಯವಂತೆ ಇನ್ನೊಬ್ಬಳಿಲ್ಲ ಎನ್ನುತ್ತಿದ್ದರು. ಇಷ್ಟು ತಿಳಿದೂ ಒಂದು ಕಡೆ ವಾಲುವುದಿಲ್ಲವಲ್ಲ ಎಂದು ಮೆಚ್ಚುತ್ತಿದ್ದರು.

ನಿಜ ಬೇರೆ ಇತ್ತು. ಮಿಸ್ ನೆಲ್ಡಾ ಜೀವನದಲ್ಲಿ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ಅವರಿಗೆ ಅದು ಹಿಡಿಸಲಿಲ್ಲ, ಅಷ್ಟೇ. "ಹತ್ತು ಜನ ಈ ಕಡೆಯಿಂದ ಆ ಕಡೆ ಓಡ್ತಾರೆ. ಮತ್ತೆ ಆ ಕಡೆಯಿಂದ ಈ ಕಡೆ," ಎಂದು ನನಗೆ ಹೇಳಿದ್ದರು. ಪಂದ್ಯದ ರಾತ್ರಿ ಬಾಗಿಲು ಹಾಕಿಕೊಂಡು ಬಾಚಣಿಗೆಗಳನ್ನು ತೊಳೆದು ಬೇಗ ಮಲಗುತ್ತಿದ್ದರು. ಇದನ್ನು ನಮ್ಮೂರಿನಲ್ಲಿ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹಿಂದೊಮ್ಮೆ ಒಹಾಯೊ ರಾಜ್ಯದಿಂದ ಬಂದ ಹಲ್ಲಿನ ಡಾಕ್ಟರೊಬ್ಬರು ತಮಗೆ ಬ್ಯಾಸ್ಕೆಟ್‌ಬಾಲ್ ಇಷ್ಟವಿಲ್ಲ ಎಂದಿದ್ದರು. ಆಮೇಲೆ ಜನ ಹಲ್ಲು ನೋವಿಗೆ ಪಕ್ಕದ ಕೌಂಟಿಗೆ ಹೋದರು. ಡಾಕ್ಟರು ಒಹಾಯೊಗೆ ಹೋದರು.

ಗಿರಾಕಿಗಳಲ್ಲಿ ಇದು ಗೊತ್ತಿದ್ದವಳು ಯೂರೆಟಾ ಒಬ್ಬಳೇ. ಮಿಸ್ ನೆಲ್ಡಾ ಹೊಸದಾಗಿ ಅಂಗಡಿ ತೆರೆದಾಗಲೇ ಅವಳು ಕಂಡುಹಿಡಿದಿದ್ದಳು, ಯಾರಿಗೂ ಹೇಳಲಿಲ್ಲ. ಅದರ ಬದಲು ಪ್ರತಿ ಗುರುವಾರ ಅಂಗಡಿ ತೆಗೆಯುವುದಕ್ಕೆ ಅರ್ಧ ಗಂಟೆ ಮುಂಚೆ ಬಂದು, ಕಾಫಿ ಕುಡಿಯುತ್ತಾ, ಆ ವಾರ ಏನಾಯಿತು, ಯಾವ ಮಾತಿಗೆ ಏನು ಮಾಡಬೇಕು ಎಂದು ಪಾಠ ಹೇಳುತ್ತಿದ್ದಳು. ನಾನು ಟವೆಲ್ ಮಡಚುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಾನು ಯಾರೊಂದಿಗೂ ಮಾತಾಡುವವಳಲ್ಲ ಎಂದು ಅವರಿಬ್ಬರಿಗೂ ಗೊತ್ತಿತ್ತು.

"ಯಾರಾದ್ರೂ ಕೊನೆಯ ಎಂಟು ಸೆಕೆಂಡು ಅಂದ್ರೆ ತಲೆ ಅಲ್ಲಾಡಿಸಿ ನಿಟ್ಟುಸಿರು ಬಿಡು," ಎಂದು ಯೂರೆಟಾ ಹೇಳಿಕೊಡುತ್ತಿದ್ದಳು. "ಎರಡೂ ಕಡೆಯವರಿಗೆ ಒಪ್ಪುತ್ತೆ."

"ಎಷ್ಟು ಹೊತ್ತು ಬಿಡಬೇಕು?"

"ಬಾಗಿಲಲ್ಲಿ ಬೆಕ್ಕು ಸತ್ತು ಬಿದ್ದಿದ್ರೆ ಎಷ್ಟು ಬಿಡ್ತೀಯೋ ಅಷ್ಟು."

ಯೂರೆಟಾ ಈ ಅಕ್ಟೋಬರಿನಲ್ಲಿ ತೀರಿಕೊಂಡಳು. ಮಿಸ್ ನೆಲ್ಡಾ ಮತ್ತು ನಾನು ಶವ ಸಿದ್ಧಪಡಿಸುವ ಫ್ಯೂನರಲ್ ಹೋಮಿಗೆ ಹೋದೆವು. ಕೊಲಂಬಸ್‌ನಲ್ಲಿರುವ ಮಗಳು ತಾಯಿಗೆಂದು ಹಸಿರು ಉಡುಪು ತಂದಿಟ್ಟಿದ್ದಳು. ಮಿಸ್ ನೆಲ್ಡಾ ತಲೆ ಬಾಚಿದರು, ಬೈತಲೆಯನ್ನು ಎಡಕ್ಕೆ ತೆಗೆದರು, ಸ್ಪ್ರೇ ಹೊಡೆದರು. ಅವರ ಕಣ್ಣು ಆಗಾಗ ತುಂಬುತ್ತಿತ್ತು, ಭುಜಕ್ಕೆ ಒರೆಸಿಕೊಳ್ಳುತ್ತಿದ್ದರು. ಸಾಮಾನನ್ನು ಕಾರಿನಲ್ಲಿಡಲು ನಾನು ಹೊರಗೆ ಹೋದೆ. ಅಷ್ಟರಲ್ಲಿ ಅವರಿಗೆ ಯೂರೆಟಾಳ ಕುತ್ತಿಗೆಯ ಮೇಲಿನ ಕಪ್ಪು ಗುರುತು ಕಂಡಿತು. ಆಸ್ಪತ್ರೆಯಲ್ಲಿ ನಳಿಕೆ ಚುಚ್ಚಿದ ಜಾಗ. ಉಡುಪಿಗೆ ಕಾಲರ್ ಇರಲಿಲ್ಲ. ಯೂರೆಟಾ ಅಂಥ ಗುರುತು ತೋರಿಸಿಕೊಂಡು ಜನರೆದುರು ಮಲಗುವವಳಲ್ಲ. ಮಿಸ್ ನೆಲ್ಡಾ ತಮ್ಮ ಕೈಚೀಲದ ತಳದಿಂದ, ಮಳೆ ಬಂದರೆ ಇರಲಿ ಎಂದು ಇಟ್ಟುಕೊಂಡಿದ್ದ ಸ್ಕಾರ್ಫನ್ನು ತೆಗೆದು ಚೆನ್ನಾಗಿ ಗಂಟು ಹಾಕಿ ಕಟ್ಟಿದರು.

ಅದು ಸಾಸಿವೆ ಹಳದಿ. ಯೂರೆಟಾಳ ಪಾಠದಲ್ಲಿ ಟೈ ಬಂದಿರಲಿಲ್ಲ. ಅದನ್ನೂ ಹೇಳಿಕೊಡಬೇಕು ಎಂದು ಅವಳಿಗೆ ಹೊಳೆದಿರಲಿಕ್ಕಿಲ್ಲ. ನೀರು ಒದ್ದೆ ಎಂದು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ.

ಸಂಜೆ ಊರಿನವರು ಕೊನೆಯ ದರ್ಶನಕ್ಕೆ ಬಂದರು. ಸಾಲಿನಲ್ಲಿ ಮೊದಲು ಬಂದವಳು ಬರ್ನಿಸ್. ಶವಪೆಟ್ಟಿಗೆಯ ಮುಂದೆ ನಿಂತಳು, ನೋಡಿದಳು, ಇನ್ನೊಮ್ಮೆ ಬಾಗಿ ನೋಡಿದಳು. ಕರವಸ್ತ್ರ ಕಣ್ಣಿಗೆ ಒತ್ತಿಕೊಂಡು, "ಕೊನೆಗೂ ನಮ್ಮ ಕಡೆಗೆ ಬಂದೆಯಲ್ಲ, ತಾಯಿ," ಎಂದಳು. ಅವಳ ಹಿಂದಿದ್ದ ಸ್ಟಿಡಮ್ ಕಡೆಯ ಹೆಂಗಸು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದಳು.

ಹಂದಿಮಾಂಸದ ಸ್ಯಾಂಡ್‌ವಿಚ್ ಇಟ್ಟಿದ್ದ ಮೇಜಿನ ಸುತ್ತ ಜನ ಎರಡು ಗುಂಪಾದರು.

"ಆಸ್ಪತ್ರೆಯಲ್ಲಿ ಮನಸ್ಸು ಬದಲಾಯಿಸಿದ್ಲಂತೆ."

"ಸಾಯೋ ಹೊತ್ತಿಗೆ ಎಲ್ರಿಗೂ ಸತ್ಯ ಕಾಣುತ್ತೆ."

"ಔಷಧಿ ಜಾಸ್ತಿ ಕೊಟ್ಟಿದ್ರು ಅಂತ ನಾನು ಆವತ್ತೇ ಹೇಳ್ದೆ."

ಪಾದ್ರಿ ಬ್ರದರ್ ಟೈಲರ್ ಮರುದಿನದ ಪ್ರವಚನದಲ್ಲಿ ಯೂರೆಟಾಳ ನಿಷ್ಠೆಯ ಬಗ್ಗೆ ಒಂದು ಭಾಗ ಬರೆದುಕೊಂಡಿದ್ದರಂತೆ. ಅದು ಇರಲೋ ಬೇಡವೋ ಎಂದು ಅವಳ ತಮ್ಮ ಹೋಬರ್ಟನನ್ನು ಮೆಲ್ಲಗೆ ಕೇಳಿದರು. ಹೋಬರ್ಟ್ ಕಂದು ಚೌಕಳಿಯ ಕೋಟು ಹಾಕಿಕೊಂಡು ಬಂದಿದ್ದ. ಅವನು ನೇರವಾಗಿ ನಮ್ಮ ಹತ್ತಿರ ಬಂದ.

"ಇಷ್ಟು ವರ್ಷ ಯಾವ ಕಡೆಯೂ ಇಲ್ಲ ಅಂತ ನಟಿಸಿ, ಕೊನೆಗೆ ಮಾತಾಡೋಕಾಗದವಳ ಕುತ್ತಿಗೆಗೆ ಹಳದಿ ಕಟ್ಟಿದೆಯಲ್ಲ, ನೆಲ್ಡಾ," ಎಂದ. "ನಮ್ಮ ಅಕ್ಕ ನಿನಗೇನು ಮಾಡಿದ್ಲು?"

ಮಿಸ್ ನೆಲ್ಡಾಗೆ ಮೊದಲು ಅರ್ಥವಾಗಲಿಲ್ಲ. ನಾನು ಅವರ ಕಿವಿಯಲ್ಲಿ ಟೈ ವಿಷಯ ಹೇಳಿದೆ. ಅವರು ಪೆಟ್ಟಿಗೆಯ ಕಡೆ ನೋಡಿದರು, ಆಮೇಲೆ ಕಾಲಬಳಿ ಚೀಲ ಇಟ್ಟು ನೇರವಾಗಿ ನಿಂತರು.

"ಅದು ನನ್ನ ಮಳೆ ಸ್ಕಾರ್ಫು. ಕುತ್ತಿಗೆಯಲ್ಲಿ ಗುರುತಿತ್ತು, ಮುಚ್ಚಿದೆ. ಬಣ್ಣ ನೋಡ್ಲಿಲ್ಲ," ಎಂದರು.

"ಬಣ್ಣ ನೋಡ್ಲಿಲ್ವಂತೆ," ಎಂದ ಹೋಬರ್ಟ್, ಸುತ್ತಲಿನವರಿಗೆ. "ದಿನಾ ಕೂದಲಿಗೆ ಬಣ್ಣ ಹಚ್ಚೋಳು."

ಯಾರೂ ನಂಬಲಿಲ್ಲ ಎನ್ನುವುದು ಮುಖಗಳಲ್ಲೇ ಕಾಣುತ್ತಿತ್ತು. ಅಲ್ಲಿಗೇ ಬಿಟ್ಟಿದ್ದರೆ ಮಿಸ್ ನೆಲ್ಡಾಗೆ ಅರ್ಧ ಗಿರಾಕಿಗಳಾದರೂ ಉಳಿಯುತ್ತಿದ್ದರು. ಯೂರೆಟಾ ಮಾತ್ರ ಜೀವಮಾನವಿಡೀ ಹೇಳಿದ್ದಕ್ಕೆ ವಿರುದ್ಧವಾಗಿ ಮಣ್ಣಿಗೆ ಹೋಗುತ್ತಿದ್ದಳು, ಊರು ಮುಂದೆ ಎಂದೆಂದಿಗೂ ಅದನ್ನೇ ಹೇಳುತ್ತಿತ್ತು. ಮಿಸ್ ನೆಲ್ಡಾ ಒಂದು ಸಲ ನನ್ನ ಕಡೆ ನೋಡಿದರು. ಎಲ್ಲರಿಗೂ ಕೇಳುವ ಹಾಗೆ, ಆದರೆ ಜೋರಾಗಿ ಅಲ್ಲ, ಹೇಳಿದರು.

"ನನಗೆ ಟೈ ಗೊತ್ತಿಲ್ಲ. ಕೋಟೂ ಗೊತ್ತಿಲ್ಲ. ನಾನು ಒಂದು ಆಟವನ್ನೂ ಪೂರ್ತಿ ನೋಡಿಲ್ಲ. ರೇಡಿಯೋದಲ್ಲೂ ಕೇಳಿಲ್ಲ. ನನಗೆ ಬ್ಯಾಸ್ಕೆಟ್‌ಬಾಲ್ ಇಷ್ಟ ಇಲ್ಲ."

ಸ್ಯಾಂಡ್‌ವಿಚ್ ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಯಾರೋ ಕುರ್ಚಿ ಹುಡುಕಿಕೊಂಡು ಕೂತರು.

ಬರ್ನಿಸ್ ಮುಂದೆ ಬಂದಳು. "ಮತ್ತೆ ಆ ಎಂಟು ಸೆಕೆಂಡು? ಅದರ ಮಾತು ಬಂದಾಗೆಲ್ಲ ನಿಟ್ಟುಸಿರು ಬಿಡ್ತಿದ್ದೆಯಲ್ಲ. ನಾನು ಕಣ್ಣಾರೆ ನೋಡಿದೀನಿ."

"ಯೂರೆಟಾ ಹೇಳಿಕೊಟ್ಟಿದ್ಲು."

"ಆ ಎಂಟು ಸೆಕೆಂಡಲ್ಲಿ ಏನಾಯ್ತು, ಹೇಳು."

"ಗೊತ್ತಿಲ್ಲ ಬರ್ನಿಸ್. ಯಾರಿಗೋ ಏನೋ ಕೆಟ್ಟದ್ದಾಯ್ತು ಅಂತ ಮಾತ್ರ ಗೊತ್ತು."

ಬರ್ನಿಸ್ ಮಿಸ್ ನೆಲ್ಡಾ ಮುಖವನ್ನು ಹತ್ತಿರದಿಂದ ನೋಡಿದಳು. "ಇವಳು ಹೇಳ್ತಿರೋದು ನಿಜ," ಎಂದಳು ಉಳಿದವರ ಕಡೆ ತಿರುಗಿ. "ಇಂಥಾ ಮಾತನ್ನ ಯಾರೂ ಸುಳ್ಳು ಹೇಳಲ್ಲ."

ಅದನ್ನು ಎಲ್ಲರೂ ಒಪ್ಪಿದರು. ಎರಡೂ ಗುಂಪು ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಹಾಗಾದ್ರೆ ಅದನ್ನ ಬಿಚ್ಚು," ಎಂದಳು ಬರ್ನಿಸ್. "ಹೀಗೆ ಗೆಲ್ಲೋದು ನಮಗೆ ಬೇಡ. ಯೂರೆಟಾ ಎದ್ದು ಕೂತು ಬಯ್ತಾಳೆ."

ಹೋಬರ್ಟ್ ಕೋಟಿನ ಜೇಬಿನಿಂದ ಕಂದು ಚೌಕಳಿಯ ಕರವಸ್ತ್ರ ತೆಗೆದುಕೊಟ್ಟ. ಬರ್ನಿಸ್ ಯೂರೆಟಾಳ ತಲೆಯನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಹಿಡಿದಳು, ಮಿಸ್ ನೆಲ್ಡಾ ಸ್ಕಾರ್ಫ್ ಬಿಚ್ಚಿ ಕರವಸ್ತ್ರ ಕಟ್ಟಿದರು. ಗುರುತು ಪೂರ್ತಿ ಮುಚ್ಚಿತು. ಕೂದಲು ಒಂದು ಕಡೆ ಸ್ವಲ್ಪ ಚಪ್ಪಟೆಯಾಯಿತು, ಅದನ್ನೂ ಸರಿಮಾಡಿದರು. ಬ್ರದರ್ ಟೈಲರ್ ನಿಷ್ಠೆಯ ಭಾಗವನ್ನು ಉಳಿಸಿಕೊಂಡರು.

ಮನೆಗೆ ಹೋಗುವಾಗ ಕಾರಿನಲ್ಲಿ ಮಿಸ್ ನೆಲ್ಡಾ, "ಒಹಾಯೊದಲ್ಲಿ ಕೂದಲು ಕತ್ತರಿಸೋರು ಬೇಕಾಗಿರ್ತಾರಾ?" ಎಂದು ಕೇಳಿದರು.

ಗುರುವಾರ ನಾವು ಅಂಗಡಿ ತೆಗೆದು ನೀರು ಬಿಸಿಗಿಟ್ಟು, ಯಾರಾದರೂ ಬರುತ್ತಾರೋ ಎಂದು ಕಾದೆವು. ಬರ್ನಿಸ್ ತನ್ನ ಹೊತ್ತಿಗೆ ಸರಿಯಾಗಿ ಬಂದಳು. ಅವಳ ಹಿಂದೆ ಸ್ಟಿಡಮ್ ಕಡೆಯವರೂ ಬಂದರು. ಬರ್ನಿಸ್ ಕೈಯಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಇತ್ತು. ಮೊಮ್ಮಗನದಂತೆ.

"ಕೂತ್ಕೋ ನೆಲ್ಡಾ," ಎಂದಳು. "ನಿನ್ನ ತಪ್ಪಲ್ಲ ಇದು. ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ಬ್ಯಾಲಿಂಜರ್‌ನಿಂದ ಶುರು ಮಾಡೋಣ."

"ಸ್ಟಿಡಮ್‌ನಿಂದ," ಎಂದಳು ಇನ್ನೊಬ್ಬಳು. "ಮೊದಲು ಬಂದವನು ಅವನು."

ಅಂದಿನಿಂದ ಪ್ರತಿ ಗುರುವಾರ ಎರಡೂ ಕಡೆಯವರು ಅವರನ್ನು ತಮ್ಮ ಕಡೆಗೆ ಸೇರಿಸಿಕೊಳ್ಳಲು ನೋಡುತ್ತಿದ್ದಾರೆ. ಗಿರಾಕಿಗಳು ಹೆಚ್ಚಾಗಿದ್ದಾರೆ. ಮಿಸ್ ನೆಲ್ಡಾ ಎಲ್ಲವನ್ನೂ ಕೇಳಿಸಿಕೊಂಡು, "ತಲೆ ಹಿಂದಕ್ಕೆ ಹಾಕು," ಎನ್ನುತ್ತಾರೆ. ಎಂಟು ಸೆಕೆಂಡಿನ ಮಾತು ಬಂದರೆ ಈಗಲೂ ನಿಟ್ಟುಸಿರು ಬಿಡುತ್ತಾರೆ. ಈಗ ಅದು ಮೊದಲಿಗಿಂತ ಉದ್ದವಾಗಿರುತ್ತದೆ.

ಅಂಗಡಿ ತೆಗೆಯುವ ಮುಂಚಿನ ಅರ್ಧ ಗಂಟೆ ಮಾತ್ರ ಹಾಗೇ ಖಾಲಿ ಉಳಿದಿದೆ. ಅವರು ಎರಡು ಕಪ್ ಕಾಫಿ ಸುರಿದು ಒಂದನ್ನು ಆಮೇಲೆ ಸಿಂಕಿಗೆ ಚೆಲ್ಲುತ್ತಾರೆ. ಹೋದ ವಾರ ನಾನು ಬೇಗ ಹೋಗಿ ರೇಡಿಯೋದಲ್ಲಿ ಕೇಳಿದ ಪಂದ್ಯದ ಬಗ್ಗೆ ಹೇಳಲು ಹೊರಟೆ. "ಇನ್ನು ಅದು ಬೇಡಮ್ಮ. ಬೇರೆ ಏನಾದ್ರೂ ಹೇಳು," ಎಂದರು. ನನಗೆ ಹೇಳಲು ಏನೂ ಇರಲಿಲ್ಲ. ಇಬ್ಬರೂ ಟವೆಲ್ ಮಡಚಿದೆವು.

ಬರುವ ಗುರುವಾರ ಅರ್ಧ ಗಂಟೆ ಮುಂಚೆ ಹೋಗಿ, ಆ ಎರಡನೆಯ ಕಾಫಿ ಕುಡಿದು, ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ, ಶುಕ್ರವಾರ ಗ್ರಂಥಾಲಯಕ್ಕೆ ಕೊಡುತ್ತೇನೆ.