ಹೂಂ ಅನ್ನದಿದ್ದರೆ ಹರಿ

ಬರೆಯುವಾಗ ಅವನ ಎಡಗಣ್ಣು ಮುಚ್ಚಿರುತ್ತಿತ್ತು. ಬಂದೂಕು ಹಿಡಿದವನು ಗುರಿ ನೋಡುವಂತೆ ಬಲಗಣ್ಣೊಂದನ್ನೇ ಕಾಗದದ ಮೇಲೆ ನೆಟ್ಟು, ನಾಲಿಗೆಯ ತುದಿ ಕಚ್ಚಿಕೊಂಡು, ಸೊರಬದ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತಿರುತ್ತಿದ್ದ. ಬಸ್ಸು ಬಂದಾಗ ಆ ಕಣ್ಣು ತೆರೆಯುತ್ತಿತ್ತು. ಬಸ್ಸು ಹೊರಟ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಎರಡೂ ಕಣ್ಣಿನಲ್ಲಿ ನೋಡಿದರೆ ಜನ ಚೆನ್ನಾಗಿ ಕಾಣುತ್ತಾರೆ, ಒಂದರಲ್ಲಿ ನೋಡಿದರೆ ಇದ್ದ ಹಾಗೆ ಕಾಣುತ್ತಾರೆ ಅನ್ನುವುದು ಅವನ ವಾದ.

ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿದ್ದ ಹೊಸತು. ನಾನು ಶಿಕಾರಿಪುರದಲ್ಲಿ ಪ್ರೈಮರಿ ಶಾಲೆಯ ಮೇಷ್ಟರಾಗಿ ಸೇರಿದ್ದೆ. ಅವನು ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಮೀಸೆ ಸರಿಯಾಗಿ ಮೂಡುವ ಮೊದಲೇ ನಾವಿಬ್ಬರೂ ಕಾದಂಬರಿಕಾರರಾಗುವುದೆಂದು ನಿಶ್ಚಯಿಸಿಕೊಂಡಿದ್ದೆವು. ನಾಡಿನ ಓದುಗರಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

ರಜೆಯ ದಿನ ಒಮ್ಮೆ ನಾನು ಸೊರಬಕ್ಕೆ, ಒಮ್ಮೆ ಅವನು ಶಿಕಾರಿಪುರಕ್ಕೆ. ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಾರಲ್ಲ, ಹಾಗೆ ಕೇಳುವವನು ನಂಬಿಕೆಯಾದ ಕಡೆ ‘ಹೂಂ’ ಅನ್ನಬೇಕು. ಒಂದು ಹಾಳೆ ಮುಗಿಯುವವರೆಗೂ ಹೂಂ ಬರದಿದ್ದರೆ ಕೇಳಿದವನೇ ಆ ಹಾಳೆಯನ್ನು ಹರಿಯಬೇಕು. ವಾದ ಮಾಡುವಂತಿಲ್ಲ. ನಿಯಮ ಮಾಡಿದವನು ಅವನು. ಹೆಚ್ಚು ಹಾಳೆ ಕಳೆದುಕೊಂಡವನು ನಾನು. ನನ್ನ ಒಬ್ಬ ನಾಯಕಿಯನ್ನಂತೂ ಅವನು ಸೀರೆಯ ವರ್ಣನೆ ಮುಗಿಯುವ ಮೊದಲೇ ಚೂರು ಮಾಡಿದ್ದ. “ಇವಳು ಕ್ಯಾಲೆಂಡರಿಂದ ಇಳಿದು ಬಂದವಳು ಮಾರಾಯ. ಬಸ್ಸಿಂದ ಇಳಿದವಳಲ್ಲ” ಅಂದ. ಹೊಟ್ಟೆ ಉರಿಯುತ್ತಿತ್ತು. ಉರಿದರೂ ಮುಂದಿನ ವಾರ ಮತ್ತೆ ಹೋಗುತ್ತಿದ್ದೆ.

ಶಿವಮೊಗ್ಗೆಯ ಪ್ರಕಾಶಕರೊಬ್ಬರು ಹೊಸಬರ ಕಾದಂಬರಿಗೆ ಕರೆ ಕೊಟ್ಟಿದ್ದರು. ಯುಗಾದಿಯೊಳಗೆ ಕಳಿಸಬೇಕು, ಒಂದನ್ನು ಮಾತ್ರ ಅಚ್ಚು ಹಾಕುತ್ತಾರೆ. ಅಂದಿನಿಂದ ನಾವು ಗೆಳೆಯರೂ ಹೌದು, ಹೊಂಚು ಹಾಕುವ ಹಗೆಗಳೂ ಹೌದು ಎಂಬಂತಾದೆವು.

ಅವನ ಕಾದಂಬರಿ ಬಸ್ ನಿಲ್ದಾಣದ್ದು. ಕಿಟಕಿಯ ಮುಂದೆ ದಿನಾ ಕಾಣುವವರನ್ನೇ ಅವನು ಬರೆಯುತ್ತಿದ್ದ. ಮುಚ್ಚುಮರೆಯಿಲ್ಲ, ಎದುರಿನ ಟೀ ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದ. ಮೊದಲು ವೀಳ್ಯದೆಲೆ ಮಾರುವ ಅಜ್ಜಿ ಬಂದಳು. ಕಾದಂಬರಿಯಲ್ಲಿ ಅವಳು ಒಂದು ಬೆಳಿಗ್ಗೆ ಬುಟ್ಟಿಗೆ ಒರಗಿದವಳು ಏಳಲಿಲ್ಲ. ಅಜ್ಜಿ ಅದನ್ನು ಕೇಳಿ ಬೊಚ್ಚುಬಾಯಿ ತೆರೆದು ನಕ್ಕಳು. ಶ್ರಾವಣ ಬರುವಷ್ಟರಲ್ಲಿ ಹಾಗೆಯೇ ಬುಟ್ಟಿಗೆ ಒರಗಿ ಹೋಗಿಬಿಟ್ಟಳು. ಆಮೇಲೆ ಡ್ರೈವರ್. ಬಸ್ಸು ಓಡಿಸುತ್ತಲೇ ಎದೆ ಹಿಡಿದುಕೊಂಡು ಸಾಯುವಂತೆ ಅವನನ್ನು ಬರೆದಿದ್ದ. ದೀಪಾವಳಿ ಕಳೆದ ಮೇಲೆ ಆ ಡ್ರೈವರ್ ಟೀ ಲೋಟ ಕೈಯಲ್ಲಿದ್ದಂತೆಯೇ ಬೆಂಚಿನಿಂದ ಉರುಳಿ ಪ್ರಾಣ ಬಿಟ್ಟ.

ಆಮೇಲೆ ಟೀ ಅಂಗಡಿಯಲ್ಲಿ ಅವನು ಓದಲು ಕೂತರೆ ಜನ ಎದ್ದು ಹೋಗತೊಡಗಿದರು. ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡು ಟಿಕೆಟ್ ಕೇಳುತ್ತಿದ್ದರು. ಒಬ್ಬ ರೈತ ಕಿಟಕಿಯ ಮುಂದೆ ಕೈಮುಗಿದದ್ದನ್ನು ನಾನೇ ನೋಡಿದೆ. “ನನ್ನ ಬರೀಬ್ಯಾಡ್ರೀ ಸ್ವಾಮಿ, ಸಣ್ಣ ಮಕ್ಳು ಅದಾವ” ಎಂದ. ಅವನು ಎರಡೂ ಕಣ್ಣು ತೆರೆದು ಚಿಲ್ಲರೆ ಎಣಿಸಿಕೊಟ್ಟ.

ಅವನ ತಾಯಿ ನನ್ನನ್ನು ಅಡುಗೆಮನೆಗೆ ಕರೆದರು. “ಮೇಷ್ಟ್ರೇ, ನೀವಾದ್ರೂ ಹೇಳಿ ಇವನಿಗೆ. ಜೀವ ಇರೋರನ್ನ ಬರೆಯೋದು ಬೇಡ. ರಾಮಾಯಣದವರನ್ನ ಬರೀಲಿ, ಅವ್ರು ಹೆಂಗೂ ಹೋದವ್ರು.”

ಹೇಳಿದೆ. ಅವನು ನಗಲಿಲ್ಲ. “ಅಜ್ಜಿ ಕಾಲು ಊದಿತ್ತು, ಬೆರಳೊತ್ತಿದ್ರೆ ಗುಳಿ ಹಾಗೇ ಉಳೀತಿತ್ತು. ಡ್ರೈವರಣ್ಣ ಗೇರ್ ಹಾಕುವಾಗೆಲ್ಲ ಎಡಗೈ ಉಜ್ಜಿಕೊಳ್ತಿದ್ದ. ನಾ ಎಂತ ಮಾಡ್ದೆ? ನೋಡ್ದೆ ಅಷ್ಟೇ. ಇಬ್ರಿಗೂ ಆಸ್ಪತ್ರೆಗೆ ಹೋಗಿ ಅಂತ ಹೇಳೂ ಹೇಳ್ದೆ. ಯಾರು ಕೇಳ್ತಾರೆ?” ಎಂದ. ನನಗೆ ಆಗ ಭಯಕ್ಕಿಂತ ಹೆಚ್ಚಾಗಿ ಆದದ್ದು ಅಸೂಯೆ. ಆ ಕಣ್ಣು ನನಗೆ ಬೇಕಿತ್ತು.

ಭಯ ಬಂದದ್ದು ಚಳಿಗಾಲದಲ್ಲಿ. ಅವನು ಹೊಸ ಅಧ್ಯಾಯ ಓದಿದ. ಬಸ್ಸಿನಿಂದ ಒಬ್ಬ ಎಳೆಯ ಮೇಷ್ಟರು ಇಳಿಯುತ್ತಾನೆ, ಕಂಕುಳಲ್ಲಿ ಹಾಳೆಗಳ ಕಟ್ಟು, ಗೆಳೆಯನನ್ನು ಸೋಲಿಸುವ ಆಸೆ ಮುಖದಲ್ಲೇ ಕಾಣುತ್ತದೆ. ನನ್ನ ಬಾಯಿಂದ ಹೂಂ ತಾನಾಗಿ ಹೊರಟಿತು. ಆಮೇಲೆ ಬೆನ್ನು ತಣ್ಣಗಾಯಿತು.

“ಇವನಿಗೆ ಕೊನೆಗೆ ಏನಾಗ್ತದಲೇ?” ಎಂದೆ.

“ಇನ್ನೂ ಕಂಡಿಲ್ಲ.”

“ತೆಗೆದುಬಿಡೋ ಅವನ್ನ.”

“ಅವನಿಲ್ಲದೆ ಕಾದಂಬರಿ ನಿಲ್ಲೋದಿಲ್ಲ. ನನ್ನ ಜಾಗದಲ್ಲಿ ನೀನಿದ್ರೆ ತೆಗೀತಿದ್ಯಾ? ನಿಜ ಹೇಳು.”

ನಾನು ತೆಗೆಯುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅಂದಿನಿಂದ ಕೆಮ್ಮು ಬಂದರೆ ಕ್ಷಯ ಅನ್ನಿಸುತ್ತಿತ್ತು. ಮಕ್ಕಳಿಗೆ ಲೆಕ್ಕ ಕೊಟ್ಟು ನನ್ನ ನಾಡಿ ನಾನೇ ಹಿಡಿದು ಎಣಿಸುತ್ತಿದ್ದೆ. ಕೊನೆಗೆ ಹಟಕ್ಕೆ ಬಿದ್ದೆ. ಅವನು ನನ್ನನ್ನು ಬರೆದರೆ ನಾನು ಅವನನ್ನು ಬರೆಯುತ್ತೇನೆ ಎಂದುಕೊಂಡು ಅವನ ಹಾಗೆಯೇ ಎಡಗಣ್ಣು ಮುಚ್ಚಿ ಕೂತೆ. ಅಷ್ಟು ವರ್ಷ ಜೊತೆಗಿದ್ದವನನ್ನು ಆಗ ಮೊದಲ ಸಲ ನೋಡಿದೆ. ಕೆರೆಯ ಏರಿ ಹತ್ತುವಾಗ ನೀರು ನೋಡುವ ನೆವದಲ್ಲಿ ಅವನು ಯಾಕೆ ನಿಲ್ಲುತ್ತಿದ್ದ? ಹಾಳೆ ಹಿಡಿದ ಬೆರಳಿನ ಉಗುರು ನೀಲಿಯಾಗಿರುತ್ತಿದ್ದುದು ಮಸಿಯಿಂದಲೇ? ಅವನ ಮನೆಗೆ ಹೋದಾಗಲೆಲ್ಲ ಹಾಸಿಗೆ ಯಾಕೆ, ರಾತ್ರಿಯೆಲ್ಲ ಕೂತೇ ನಿದ್ದೆ ಮಾಡಿದಂತೆ, ಗೋಡೆಗೆ ಒರಗಿರುತ್ತಿತ್ತು? ಚಿಕ್ಕಂದಿನಲ್ಲಿ ಕೀಲುಗಳೆಲ್ಲ ಊದಿ ಜ್ವರ ಬಂದು ಅವನು ಒಂದು ವರ್ಷ ಶಾಲೆ ಬಿಟ್ಟಿದ್ದು ನೆನಪಾಯಿತು. ನಾನು ಬಯಸಿದ್ದ ಕಣ್ಣು ನನಗೆ ಸಿಕ್ಕಿತ್ತು. ಸಿಗಬಾರದಿತ್ತು.

ಕಂಡದ್ದನ್ನು ಬರೆಯಲಿಲ್ಲ. ಅವನು ಮುದುಕನಾಗಿ, ಮೊಮ್ಮಕ್ಕಳಿಂದ ಬೆನ್ನು ಒತ್ತಿಸಿಕೊಂಡು ಜಗಲಿಯಲ್ಲಿ ಕೂತಂತೆ ಬರೆದೆ. ಅವನು ಶಿಕಾರಿಪುರಕ್ಕೆ ಬಂದಾಗ ಹುಚ್ಚರಾಯನ ಕೆರೆ ಏರಿಯ ಮೇಲೆ ಅದನ್ನು ಓದಿದೆ. ಅವನು ಕೊನೆಯವರೆಗೂ ಕೇಳಿದ. ಹೂಂ ಬರಲಿಲ್ಲ. ಕೈಚಾಚಿ ಹಾಳೆ ತೆಗೆದುಕೊಂಡು ನಿಧಾನವಾಗಿ ಹರಿದ.

“ನಿಂಗೂ ಕಂಡಿತಲ್ಲ?” ಎಂದ.

ನಾನು ಅತ್ತೆ. ಶಿವಮೊಗ್ಗೆಯ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದೆ. ಆ ಹಳೆಯ ಜ್ವರದಿಂದ ಹೃದಯದ ಕವಾಟ ಕೆಟ್ಟಿದೆ, ಮಾಡುವಂಥದ್ದು ಏನೂ ಇಲ್ಲ ಎಂದರು. ಅವನು ಪಾಠ ಬಂದ ಹುಡುಗನಂತೆ ತಲೆಯಾಡಿಸಿದ. ಅದು ಅವನಿಗೆ ಹೊಸ ಸುದ್ದಿಯಾಗಿರಲಿಲ್ಲ. ಅಷ್ಟು ಅವಸರದಲ್ಲಿ ಬರೆಯುತ್ತಿದ್ದುದು ಯುಗಾದಿಗೆ ಹೆದರಿ ಅಲ್ಲವೆಂದು ನನಗೆ ಆಗ ತಿಳಿಯಿತು.

ಕೊನೆಯ ಅಧ್ಯಾಯವನ್ನು ಅವನ ಮನೆಯಲ್ಲಿ ಕೇಳಿದೆ. ಸುತ್ತಿಟ್ಟ ಹಾಸಿಗೆಗೆ ಒರಗಿ, ಸಾಲಿಗೊಮ್ಮೆ ಉಸಿರು ತೆಗೆದುಕೊಂಡು ಓದಿದ. ತಾಯಿ ಬಾಗಿಲಲ್ಲಿ ನಿಂತಿದ್ದರು. ಮೇಷ್ಟರಿಗೆ ಏನೋ ಆಗಲಿದೆ ಎಂದು ನಾನು ಎರಡೂ ಕೈ ಬಿಗಿಹಿಡಿದು ಕೂತಿದ್ದೆ. ಮೇಷ್ಟರಿಗೆ ಏನೂ ಆಗಲಿಲ್ಲ. ತಲೆ ಪೂರ್ತಿ ಬೆಳ್ಳಗಾದ ಮೇಲೆ ಒಂದು ದಿನ ಕೋಲೂರಿಕೊಂಡು ಸೊರಬದಲ್ಲಿ ಬಸ್ಸಿಳಿದು, ಟಿಕೆಟ್ ಕಿಟಕಿ ಇದ್ದ ಜಾಗವನ್ನು ಹುಡುಕುತ್ತಾನೆ. ಕಾದಂಬರಿ ಅಲ್ಲಿಗೆ ಮುಗಿಯಿತು.

“ಇದು ಕಂಡದ್ದಲ್ಲ ಮಾರಾಯ, ಬೇಡಿಕೊಂಡದ್ದು. ಹೂಂ ಅನ್ನದಿದ್ರೆ ಹರಿ” ಎಂದ.

ನನಗೆ ಒಂದು ಅಕ್ಷರವೂ ನಂಬಿಕೆಯಾಗಿರಲಿಲ್ಲ. ಅವನು ಹೋದ ಹಿಂದೆಯೇ ನಾನೂ ಹೋಗುತ್ತೇನೆ ಎಂದೇ ಆಗ ಅನ್ನಿಸುತ್ತಿತ್ತು. ನಿಯಮದಂತೆ ಹರಿಯಬೇಕಿತ್ತು. ಹೂಂ ಅಂದೆ. ಅವನು ಎರಡೂ ಕಣ್ಣು ತೆರೆದು ನನ್ನನ್ನು ನೋಡಿ, “ಕಳ್ಳ” ಅಂದು ನಕ್ಕ.

ಯುಗಾದಿಗೆ ಅವನಿರಲಿಲ್ಲ. ಎರಡು ಕಾದಂಬರಿಗಳನ್ನೂ ನಾನೇ ಶಿವಮೊಗ್ಗೆಗೆ ಒಯ್ದು ಕೊಟ್ಟೆ. ಅಚ್ಚಾದದ್ದು ಅವನದು. ಸತ್ತ ಮೇಲೂ ನನ್ನನ್ನು ಸೋಲಿಸಿದ ಎಂದು ಅವನ ತಾಯಿಯ ಮುಂದೆ ಹೇಳಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ನಾನು ಬರೆದದ್ದನ್ನೆಲ್ಲ ಒಂದು ಕಣ್ಣು ಮುಚ್ಚಿಯೇ ಬರೆದೆ. ಚೆನ್ನಾಗಿದೆ ಅಂದವರು ಸಿಕ್ಕಿದರು, ಹರಿಯುವವನು ಸಿಗಲಿಲ್ಲ.

ಮೊನ್ನೆ ಮದುವೆಯೊಂದಕ್ಕೆ ಸೊರಬಕ್ಕೆ ಹೋಗಬೇಕಾಯಿತು. ಈಚೆಗೆ ಮಂಡಿ ನೋವು, ಮಗಳು ಕೋಲು ಕೊಡಿಸಿದ್ದಾಳೆ. ಬಸ್ಸಿನ ಕೊನೆಯ ಮೆಟ್ಟಿಲ ಮೇಲೆ ಕೋಲೂರಿದಾಗ ಕಾಲು ತಡೆಯಿತು. ಅವನ ಕಾದಂಬರಿ ಇಲ್ಲಿಗೇ ಮುಗಿಯುತ್ತದೆ. ಇದರಾಚೆಗೆ ನನ್ನ ಬಗ್ಗೆ ಅವನು ಒಂದು ಸಾಲನ್ನೂ ಬರೆದಿಲ್ಲ. ಹಳೆಯ ಭಯ ಮತ್ತೆ ಬೆನ್ನ ಮೇಲೆ ತಣ್ಣಗೆ ಹರಿದಾಡಿತು. ಹಿಂದಿನಿಂದ ಯಾರೋ “ಇಳೀರೀ ಅಜ್ಜಾರೇ, ಎಷ್ಟೊತ್ತು?” ಎಂದರು.

ಇಳಿದೆ. ಕಿಟಕಿ ಇದ್ದ ಕಡೆ ಈಗ ಬರೀ ಗೋಡೆ. ಅದರ ಎದುರು ನಿಂತು, ಸುತ್ತ ಜನ ನೋಡುತ್ತಿದ್ದಂತೆಯೇ, ಗಟ್ಟಿಯಾಗಿ ಹೂಂ ಅಂದೆ.